ದಂಡಿನ ವೈದ್ಯರ ಪದವಿ

ಯುದ್ಧಗಳ ಚರಿತ್ರೆಯನ್ನು ಬರೆಯುವವರು ಸೇನಾಪತಿಗಳ ವ್ಯೂಹರಚನೆಯನ್ನೂ, ಕೋಟೆಗಳ ಮುತ್ತಿಗೆಯನ್ನೂ, ಸಂಧಿಪತ್ರಗಳ ಕರಾರುಗಳನ್ನೂ ವಿಸ್ತಾರವಾಗಿ ವರ್ಣಿಸುವರು. ಗಾಯಗೊಂಡ ಸಿಪಾಯಿಯ ಗತಿಯೇನಾಯಿತು, ಅವನ ಗಾಯಕ್ಕೆ ಪಟ್ಟಿ ಕಟ್ಟಿದವರಾರು, ಹಾಗೆ ಕಟ್ಟಿದವರು ತಮ್ಮ ಉದ್ಯೋಗದಲ್ಲಿ ಸಂತುಷ್ಟರಾಗಿದ್ದರೋ ಇಲ್ಲವೋ ಎಂಬ ವಿಷಯ ಬಂದಾಗ ಅವರ ಲೇಖನಿಯು ಸಾಮಾನ್ಯವಾಗಿ ಮೌನವನ್ನು ವಹಿಸುವುದು. ವೈದ್ಯನ ತೃಪ್ತಿ ಅತೃಪ್ತಿಗಳು ಅವನ ಮನೆಯ ಸಂಗತಿಗಳೆಂದೂ, ಅವುಗಳಿಗೂ ರಾಜ್ಯದ ಚರಿತ್ರೆಗೂ ಸಂಬಂಧವಿಲ್ಲವೆಂದೂ ಅನೇಕರು ಎಣಿಸಿರಬಹುದು. ಆದರೆ ಕಳೆದ ಶತಮಾನದ ಹಿಂದಿನ ಶತಮಾನದಲ್ಲಿ ಇಂಗ್ಲೆಂಡಿನ ದಂಡಿನ ವೈದ್ಯರು ತಮ್ಮ ಪದವಿಗಾಗಿ ನಡೆಸಿದ ಸುಮಾರು ಅರ್ಧಶತಮಾನದ ಹೋರಾಟವನ್ನೂ, ಅದರ ಫಲಾಫಲಗಳನ್ನೂ ಪರಿಶೀಲಿಸಿದರೆ, ಆ ಅತೃಪ್ತಿಗೆ ಸಾವಿರಾರು ಸಿಪಾಯಿಗಳ ಪ್ರಾಣಗಳು ತಗುಲಿಕೊಂಡಿದ್ದುವೆಂಬುದು ಗೊತ್ತಾಗುವುದು. ಆ ಕಥೆಯ ಕೆಲವು ಪ್ರಸಂಗಗಳು ನಮ್ಮ ಬೆಂಗಳೂರಿನ ದಂಡಿನಲ್ಲಿಯೇ ನಡೆದವಾದುದರಿಂದ ಅದು ನಮಗೆ ಕೇವಲ ಪರದೇಶದ ವಾರ್ತೆಯೂ ಅಲ್ಲ.

ಪಾಳೆಯದಲ್ಲಿ ವೈದ್ಯನ ಸ್ಥಾನವೆಲ್ಲಿ ಎಂಬ ಪ್ರಶ್ನೆಯನ್ನು ನಮ್ಮ ಪೂರ್ವಿಕರು ಯೋಚಿಸದೆ ಬಿಟ್ಟಿರಲಿಲ್ಲ. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ‘ಯುಕ್ತಸೇನೀಯ’ವೆಂಬ ಒಂದು ಅಧ್ಯಾಯವುಂಟು. ದಂಡೆತ್ತಿ ಹೊರಟ ಅರಸನನ್ನು ವೈದ್ಯನು ಹೇಗೆ ಕಾಪಾಡಬೇಕೆಂಬುದೇ ಅದರ ವಿಷಯ. ಶತ್ರುಗಳು ದಾರಿಯ ನೀರು, ಮೇವು, ಸೌದೆ, ಅನ್ನಗಳನ್ನು ಕೆಡಿಸುವರಾದ ಕಾರಣ ವೈದ್ಯನು ಅವುಗಳನ್ನು ಪರೀಕ್ಷಿಸಿ ಶುದ್ಧಿಮಾಡಬೇಕೆಂದೂ, ದೊಡ್ಡ ಪಾಳೆಯದಲ್ಲಿ ಅವನ ಬಿಡಾರವು ಸಕಲ ಉಪಕರಣಗಳೊಡನೆ ಅರಸನ ಬಿಡಾರಕ್ಕೆ ಹೊಂದಿಕೊಂಡೇ ಇರಬೇಕೆಂದೂ, ಹಾಗಿದ್ದರೆ ವಿಷದಿಂದಲೂ ಬಾಣದಿಂದಲೂ ರೋಗದಿಂದಲೂ ನೊಂದವರು ಬಾವುಟವನ್ನು ಕಂಡು ಬರುವಂತೆ ಅವನನ್ನು ಅರಸಿಕೊಂಡು ಬರುವರೆಂದೂ ಅಲ್ಲಿ ಹೇಳಿದೆ. ಕೌಟಿಲ್ಯನೂ ತನ್ನ ಅರ್ಥಶಾಸ್ತ್ರದ ಹತ್ತನೆಯ ಅಧಿಕರಣದಲ್ಲಿ, ಶಸ್ತ್ರ, ಯಂತ್ರ, ಔಷಧ, ಎಣ್ಣೆ, ಬಟ್ಟೆಗಳನ್ನು ಹಿಡಿದ ಚಿಕಿತ್ಸಕರೂ ಅನ್ನಪಾನಗಳನ್ನು ನೋಡಿಕೊಳ್ಳುವ ಸ್ತ್ರೀಯರೂ ಸೇನೆಯ ಹಿಂಬದಿಯಲ್ಲಿ ನಿಂತಿರಬೇಕೆಂದು ವಿಧಿಸಿದ್ದಾನೆ. ಗ್ರಂಥದಲ್ಲಿದ್ದ ಈ ಮರ್ಯಾದೆಯು ಆಚರಣೆಯಲ್ಲಿ ಎಲ್ಲ ಕಾಲಕ್ಕೂ ಸಂದಿತೆಂದು ಹೇಳಲಾಗದಿದ್ದರೂ, ವೈದ್ಯನ ಸ್ಥಾನವು ಅರಸನಿಗೆ ಹತ್ತಿರವಾಗಿದ್ದರೆ ಮಾತ್ರವೇ ಅವನ ಮಾತಿಗೆ ಬೆಲೆಯುಂಟೆಂಬ ತತ್ತ್ವವು ಅದರಲ್ಲಿ ಅಡಗಿರುವುದು.

ಇಂಗ್ಲಿಷರ ಸೇನೆಯಲ್ಲಿ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದವರೆಗೆ ನಡೆದುಬಂದ ಪದ್ಧತಿಯೇ ಬೇರೆ. ಒಂದೊಂದು ಪಟಾಲಮಿಗೂ ಒಬ್ಬ ಸರ್ಜನ್ನನೂ ಅವನ ಕೈಕೆಳಗೆ ಅಸಿಸ್ಟೆಂಟ್ ಸರ್ಜನ್ನರೂ ಇರುತ್ತಿದ್ದರು. ಅವರು ಪಟಾಲಮಿನ ಉಡುಪನ್ನೇ ಧರಿಸಿ, ಅಲ್ಲಿಯ ಸರದಾರರ ಪಂಕ್ತಿಯಲ್ಲಿಯೇ ಉಂಡು, ಅದು ಹೋದಲ್ಲಿಗೆ ಹೋಗುತ್ತಿದ್ದರು. ಒಂದು ಪಟಾಲಮಿನಲ್ಲಿಯೇ ಬಹುಕಾಲ ಕಳೆದ ವೈದ್ಯನಿಗೆ ಅಲ್ಲಿಯ ಸಿಪಾಯಿಗಳ ಹೆಸರೂ ಪ್ರಕೃತಿಯೂ ತಿಳಿದಿರುತ್ತಿದ್ದವು. ಇದು ಅವನ ಸಂತೋಷದ ಮುಖ್ಯ ಕಾರಣವಾಗಿತ್ತು. ಆದರೆ ಅವನು ಕತ್ತಿಯಿಂದ ಕಾದುವವನಲ್ಲವೆಂಬ ಕಾರಣದಿಂದ ದಂಡಿನ ಅಂತಸ್ತುಗಳಲ್ಲಿ ಅವನ ಸ್ಥಾನವು ಅಸ್ಪಷ್ಟವಾಗಿಯೇ ಉಳಿದಿದ್ದಿತು. ಆಸ್ಪತ್ರೆಯ ಊಳಿಗಕ್ಕೆ ಬಂದ ಸಿಪಾಯಿಯು ಕೂಡ ತನ್ನ ಸರದಾರನ ಆಜ್ಞೆಗೆ ಒಳಪಟ್ಟವನೇ ಹೊರತು ವೈದ್ಯನ ಆಜ್ಞೆಗಲ್ಲ. ಕಾಹಿಲೆ ಬಂದ ಮೇಲೆ ಚಿಕಿತ್ಸೆ ಮಾಡುವುದು ವೈದ್ಯನ ಧರ್ಮವೆಂದೂ, ಬರದಂತೆ ತಡೆಯುವ ವಿಷಯದಲ್ಲಿ ಅವನು ಕೇಳಿದರೆ ಸಲಹೆಯನ್ನು ಕೊಡಬಹುದೆಂದೂ ಎಲ್ಲರೂ ತಿಳಿದಿದ್ದರು.

ಹಿಂದೂದೇಶದಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ವೈದ್ಯರ ಸ್ಥಿತಿಯೂ ಹೆಚ್ಚು ಭಿನ್ನವಾಗಿರಲಿಲ್ಲ. ಆದರೆ ದೇಶವು ವಿಶಾಲವಾಗಿದ್ದುದರಿಂದ, ದಂಡಿನಲ್ಲಿ ಸಿಕ್ಕದ ತೃಪ್ತಿಯನ್ನು ಬೇರೆ ಕಡೆ ಹುಡುಕಿಕೊಳ್ಳುವ ಅವಕಾಶವು ಅವರಲ್ಲಿ ಜಾಣರಾದವರಿಗಿತ್ತು. ಟಿಪ್ಪೂ ಸುಲ್ತಾನನ ಪತನವಾದ ಮರುವರ್ಷ, ೧೮೦೦ರಲ್ಲಿ, ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸಂಚರಿಸಿ, ನಮ್ಮ ಬೆಳೆ, ನೀರಾವರಿ, ಮಗ್ಗ, ಕುಲುಮೆಗಳನ್ನೆಲ್ಲ ಬರೆದಿಟ್ಟ ಫ್ರಾನ್ಸಿಸ್ ಬುಕಾನನ್ನನು ಕಂಪೆನಿಯ ಬಂಗಾಳದ ಸರ್ಜನ್ನನಾಗಿದ್ದನು. ಶಿವಮೊಗ್ಗೆಯ ಸೀಮೆಯಲ್ಲಿ ೧೮೪೦ರ ದಶಕದಲ್ಲಿದ್ದು ಅಲ್ಲಿಯ ಗಿಡಮರಗಳ ಚಿತ್ರಗಳನ್ನು ಬರೆಯಿಸಿ, ಮುಂದೆ ಮದರಾಸು ಸಂಸ್ಥಾನದ ಅರಣ್ಯ ಇಲಾಖೆಗೆ ಅಸ್ತಿಭಾರವನ್ನು ಹಾಕಿದ ಹ್ಯೂ ಕ್ಲೆಗ್‌ಹಾರ್ನನೂ ಸರ್ಜನ್ನನೇ. ಇಂಥವರ ಹೆಸರುಗಳು ಸಸ್ಯಶಾಸ್ತ್ರದಲ್ಲಿಯೂ ದೇಶಚರಿತ್ರೆಯಲ್ಲಿಯೂ ಉಳಿದಿರುವುದು ನಮ್ಮ ಭಾಗ್ಯವೇ ಸರಿ. ಆದರೂ ಅವರ ಬುದ್ಧಿಯ ಉತ್ತಮಾಂಶವು ಆಸ್ಪತ್ರೆಯ ಹೊರಗೇ ಫಲಿಸಿತೆಂಬುದನ್ನು ಗಮನಿಸಬೇಕು.

ಹಳೆಯ ಪದ್ಧತಿಯ ದೋಷವು ಜಗತ್ತಿಗೆಲ್ಲ ಕಂಡುಬಂದುದು ೧೮೫೪ರಿಂದ ೧೮೫೬ರವರೆಗೆ ನಡೆದ ಕ್ರಿಮಿಯಾ ಯುದ್ಧದಲ್ಲಿ. ಇಂಗ್ಲಿಷರ ದಂಡು ಶತ್ರುವನ್ನು ಕಾಣುವುದಕ್ಕೆ ಮೊದಲೇ, ವರ್ನಾ ಎಂಬ ರೇವಿನಲ್ಲಿ ವಾಂತಿಭೇದಿಯು ಅದನ್ನು ಹಿಡಿಯಿತು. ಯುದ್ಧವು ಮುಗಿಯುವಷ್ಟರಲ್ಲಿ ಆ ಸೇನೆಯಲ್ಲಿ ಸತ್ತವರು ಸುಮಾರು ೨೧,೦೦೦ ಮಂದಿ. ಅವರಲ್ಲಿ ರಣರಂಗದಲ್ಲಿ ಮಡಿದವರೂ ಗಾಯಗಳಿಂದ ಸತ್ತವರೂ ಸೇರಿ ಐದು ಸಾವಿರಕ್ಕಿಂತ ಕಡಮೆ. ಮಿಕ್ಕ ಹದಿನಾರು ಸಾವಿರದಷ್ಟು ಜನರು ರೋಗಗಳಿಗೆ ಆಹುತಿಯಾದರು. ವರ್ತಮಾನ ಪತ್ರಿಕೆಗಳಲ್ಲಿ ಸ್ಕುಟಾರಿಯ ಆಸ್ಪತ್ರೆಯ ದುರವಸ್ಥೆಯನ್ನೋದಿದ ಇಂಗ್ಲೆಂಡಿನ ಜನರು ಮೊದಲು ಬೈದುದು ವೈದ್ಯರನ್ನೇ. ಆದರೆ ನಿಜಸ್ಥಿತಿಯೇನೆಂದರೆ, ಹಾಸಿಗೆ ಬಟ್ಟೆಗಳನ್ನೂ ಪಥ್ಯದ ಸಾಮಗ್ರಿಯನ್ನೂ ಒದಗಿಸತಕ್ಕವನು ಪರ್ವೇಯರನೆಂಬ ಬೇರೊಬ್ಬ ಅಧಿಕಾರಿ. ಗಾಡಿಗಳನ್ನೂ ಆಹಾರವನ್ನೂ ಕೊಡತಕ್ಕವರು ಕಮಿಸರಿಯೇಟಿನವರು. ಕಟ್ಟಡದ ಚರಂಡಿಗಳನ್ನು ಸರಿಪಡಿಸತಕ್ಕವರು ಇನ್ನೊಂದು ಇಲಾಖೆಯವರು. ವೈದ್ಯಶಾಖೆಯ ಮುಖ್ಯಾಧಿಕಾರಿಯಾಗಿದ್ದ ಆಂಡ್ರ್ಯೂ ಸ್ಮಿತ್ತನು ಗಾಯಾಳುಗಳನ್ನು ಸಾಗಿಸುವುದಕ್ಕೆ ತಕ್ಕ ತಂಡವೊಂದು ಬೇಕೆಂದು ಯುದ್ಧಾರಂಭದಲ್ಲಿಯೇ ಸೂಚಿಸಿದ್ದನು. ಅದಕ್ಕೆ ಬದಲಾಗಿ ಪೆನ್ಷನ್ ಪಡೆದ ಮುದಿ ಸಿಪಾಯಿಗಳನ್ನು ಕೂಡಿಸಿ ಕಳುಹಿಸಲಾಗಿ, ಗಾಯಾಳುಗಳನ್ನು ಹೊರಬೇಕಾದ ಅವರೇ ರೋಗದಿಂದ ಮಲಗಿದರು. ಹೊಣೆಯೆಲ್ಲ ವೈದ್ಯರ ತಲೆಯ ಮೇಲೆ, ಅಧಿಕಾರವೆಲ್ಲ ಮತ್ತೊಬ್ಬರ ಕೈಯಲ್ಲಿ: ದಂಡಿನ ವೈದ್ಯರ ಅತೃಪ್ತಿಯ ಬೇರು ಇದೇ ಆಗಿತ್ತು. ಸಂಬಳದ ಪ್ರಶ್ನೆಯು ಅದರ ಒಂದು ಕೊಂಬೆ ಮಾತ್ರ.

ಯುದ್ಧಾನಂತರ ಫ್ಲಾರೆನ್ಸ್ ನೈಟಿಂಗೇಲಳ ಒತ್ತಾಯದಿಂದ ೧೮೫೭ರಲ್ಲಿ ಸಿಡ್ನಿ ಹರ್ಬರ್ಟನ ಅಧ್ಯಕ್ಷತೆಯಲ್ಲಿ ಒಂದು ರಾಜಕೀಯ ವಿಚಾರಣಾ ಮಂಡಲಿಯು ನೇಮಕವಾಯಿತು. ಶಾಂತಿಕಾಲದಲ್ಲಿ ಸ್ವದೇಶದ ಬ್ಯಾರಕುಗಳಲ್ಲಿ ವಾಸವಾಗಿರುವ ತರುಣ ಸಿಪಾಯಿಗಳು ಅದೇ ವಯಸ್ಸಿನ ಊರ ಜನರಿಗಿಂತ ಸುಮಾರು ಇಮ್ಮಡಿಯಾಗಿ ಸಾಯುತ್ತಿದ್ದರೆಂಬ ಭಯಂಕರ ಸಂಗತಿಯು ಆಗ ಹೊರಬಿದ್ದಿತು. ಈ ವಿಚಾರಣೆಯ ಫಲವಾಗಿ ೧೮೫೮ನೆಯ ಅಕ್ಟೋಬರಿನಲ್ಲಿ ಒಂದು ರಾಜಶಾಸನವು ಹೊರಟಿತು. ವೈದ್ಯರ ಸಂಬಳವು ಏರಿತು. ಅದಕ್ಕಿಂತ ಮುಖ್ಯವಾಗಿ ಅವರಿಗೆ ‘ಸಮಪದವಿ’ಯು ದೊರಕಿತು. ಅಂದರೆ ಅಸಿಸ್ಟೆಂಟ್ ಸರ್ಜನ್ನನು ಲೆಫ್ಟಿನೆಂಟನಿಗೂ, ಸರ್ಜನ್ನನು ಮೇಜರನಿಗೂ, ಇಪ್ಪತ್ತು ವರ್ಷ ಸೇವೆಮಾಡಿದ ಸರ್ಜನ್-ಮೇಜರನು ಲೆಫ್ಟಿನೆಂಟ್-ಕರ್ನಲನಿಗೂ ಸಮಾನರೆಂದು ಗೊತ್ತುಮಾಡಲ್ಪಟ್ಟಿತು. ಇದು ಬರಿಯ ಬಿರುದಿನ ಮಾತೆಂದು ವಾಚಕರು ತಿಳಿಯಬಾರದು. ಬಿಡಾರವನ್ನು ಆರಿಸಿಕೊಳ್ಳುವ ಸರದಿ, ಊಳಿಗದವರ ಸಂಖ್ಯೆ, ಕುದುರೆಯ ಮೇವು, ಸೌದೆ ದೀಪಗಳ ಭತ್ಯ, ಜಯದಲ್ಲಿ ದೊರೆತ ಧನದ ಪಾಲು, ಇವೆಲ್ಲವೂ ಪದವಿಯನ್ನು ಅನುಸರಿಸಿಯೇ ಹಂಚಲ್ಪಡುತ್ತಿದ್ದುವು. ಕೈಕೆಳಗಿನವರಿಗೆ ಆಜ್ಞೆಯನ್ನು ಕೊಡುವ ಅಧಿಕಾರವೊಂದನ್ನು ಮಾತ್ರ ಶಾಸನವು ವೈದ್ಯರಿಗೆ ಕೊಡಲಿಲ್ಲ. ೧೮೬೦ರಲ್ಲಿ ಚ್ಯಾಥಮ್ಮಿನಲ್ಲಿ ಪ್ರಾರಂಭವಾಗಿ ೧೮೬೩ರಲ್ಲಿ ನೆಟ್ಲಿಗೆ ಸಾಗಿದ ಸೇನಾವೈದ್ಯ ಪಾಠಶಾಲೆಯೂ ಈ ವಿಚಾರಣೆಯ ಇನ್ನೊಂದು ಫಲ. ಅಲ್ಲಿ ಆರೋಗ್ಯಶಾಸ್ತ್ರವನ್ನು ಬೋಧಿಸಿದ ಪಾರ್ಕ್ಸನ ಹೆಸರು ಆ ಶಾಸ್ತ್ರದ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ.

ಆದರೆ ಕೊಟ್ಟ ಕೈಯೇ ಹಿಂದಕ್ಕೆ ತೆಗೆದುಕೊಳ್ಳತೊಡಗಿತು. ೧೮೬೧ರಲ್ಲಿ ಹರ್ಬರ್ಟನು ತೀರಿಕೊಂಡ ತರುವಾಯ, ಶಾಸನದಲ್ಲಿ ಹೇಳಿದ್ದ ಮರ್ಯಾದೆಗಳು ಆಚರಣೆಯಲ್ಲಿ ಕುಂದುತ್ತ ಬಂದುವು. ೧೮೭೩ರಲ್ಲಿ ಕಾವಲು ಪಡೆಗಳ ಹೊರತು ಮಿಕ್ಕ ಪಟಾಲಮುಗಳ ವೈದ್ಯರನ್ನೆಲ್ಲ ಪಟಾಲಮಿನಿಂದ ಬಿಡಿಸಿ ಒಂದೇ ಇಲಾಖೆಗೆ ಸೇರಿಸಿದರು. ದೊಡ್ಡ ಆಸ್ಪತ್ರೆಗಳ ದೃಷ್ಟಿಯಿಂದ ಇದು ಯುಕ್ತವಾದ ಏರ್ಪಾಡೇ ಆಗಿತ್ತು. ಚದರಿದ ವೈದ್ಯರಿಂದ ದೊಡ್ಡ ಯುದ್ಧದ ಕೆಲಸವು ಸಾಗದೆಂಬುದನ್ನು ಕ್ರಿಮಿಯಾವೇ ತೋರಿಸಿಕೊಟ್ಟಿತ್ತು. ಆದರೆ ವೈದ್ಯನ ಮನಸ್ಸಿಗೆ ಇದು ಮನೆಯನ್ನು ಕಳೆದುಕೊಂಡಂತಾಯಿತು. ಹಿಂದೆ ಅವನಿಗೆ ಅಂತಸ್ತು ಇರಲಿಲ್ಲವಾದರೂ ಬಳಗವಿತ್ತು. ಈಗ ಬಳಗವೂ ಹೋಯಿತು, ಅಂತಸ್ತೂ ಬರಲಿಲ್ಲ. ೧೮೮೭ರಲ್ಲಿ ‘ಸಮಪದವಿ’ಯೆಂಬ ಮಾತನ್ನೇ ಶಾಸನದಿಂದ ತೆಗೆದುಹಾಕಲು, ಅಡಗಿದ್ದ ಅಸಮಾಧಾನವು ಭುಗಿಲೆದ್ದಿತು.

ಆಗ ವೈದ್ಯರು ಹಿಡಿದ ಮಾರ್ಗವು ಗಮನಾರ್ಹವಾದುದು. ಸೇನೆಯಲ್ಲಿದ್ದವರು ಶಿಸ್ತನ್ನು ಮುರಿಯುವಂತಿರಲಿಲ್ಲ. ಬ್ರಿಟಿಷ್ ವೈದ್ಯ ಸಂಘವೂ ವೈದ್ಯಶಾಲೆಗಳೂ ಅವರ ಪರವಾಗಿ ಮಾತನಾಡಿದುವು. ತರುಣ ವೈದ್ಯರು ಸೇನೆಯ ಕಡೆಗೆ ಮುಖವನ್ನೇ ತಿರುಗಿಸದಾದರು. ಲಾರ್ಡ್ ಕ್ಯಾಂಪರ್‌ಡೌನನ ಅಧ್ಯಕ್ಷತೆಯ ಸಮಿತಿಯು ೧೮೯೦ರಲ್ಲಿ ವರದಿಯನ್ನೊಪ್ಪಿಸಿತು. ಮರುವರ್ಷ ಸರ್ಕಾರವು ‘ಸರ್ಜನ್-ಕ್ಯಾಪ್ಟನ್’, ‘ಸರ್ಜನ್-ಲೆಫ್ಟಿನೆಂಟ್-ಕರ್ನಲ್’ ಎಂಬ ಜೋಡುಬಿರುದುಗಳನ್ನು ಕೊಟ್ಟು ಸಮಾಧಾನಪಡಿಸಲು ನೋಡಿತು. ಹೆಸರು ಉದ್ದವಾಯಿತೇ ಹೊರತು ಅದರೊಳಗೆ ಹುರುಳಿರಲಿಲ್ಲ. ಆ ದಶಕದಲ್ಲಿ ತೆರವಾದ ಸ್ಥಾನಗಳಿಗೆ ಬೇಕಾದಷ್ಟು ಅಭ್ಯರ್ಥಿಗಳು ಸಿಕ್ಕದೆ, ಬಂದವರಲ್ಲಿ ಆರಿಸಿಕೊಳ್ಳುವ ಮಾತೇ ಇಲ್ಲದಂತಾಯಿತು.

ಎದುರು ಪಕ್ಷದವರ ವಾದವನ್ನೂ ಇಲ್ಲಿ ಹೇಳುವುದು ನ್ಯಾಯ. ವಿದ್ಯೆಯೇ ವೈದ್ಯನಿಗೆ ಭೂಷಣವಾಗಿರಲು ಅವನಿಗೆ ಕರ್ನಲನ ಹೆಸರೇಕೆ? ಪ್ರಾಣದ ಹಂಗನ್ನು ತೊರೆದು ಮುನ್ನುಗ್ಗುವವನ ಬಿರುದನ್ನು ಔಷಧ ಕೊಡುವವನು ಧರಿಸಬಹುದೇ? ಹೀಗೆ ಅವರು ಕೇಳುತ್ತಿದ್ದರು. ಮೊದಲನೆಯ ಪ್ರಶ್ನೆಯಲ್ಲಿ ಸ್ವಲ್ಪ ಸತ್ಯವುಂಟು. ಊರಿನಲ್ಲಿರುವ ವೈದ್ಯನಿಗೆ ಯಾವ ಬಿರುದೂ ಬೇಕಿಲ್ಲ, ರೋಗಿಯೇ ಅವನನ್ನು ಹುಡುಕಿಕೊಂಡು ಬರುವನು. ಆದರೆ ದಂಡಿನ ರೀತಿಯೇ ಬೇರೆ. ಅಲ್ಲಿ ಮಾತು ನಡೆಯುವುದು ತೋಳಿನ ಮೇಲಿನ ಪಟ್ಟಿಯನ್ನು ನೋಡಿ. ‘ಈ ಬಾವಿಯ ನೀರನ್ನು ಕುಡಿಯಕೂಡದು, ಕಕ್ಕಸಿನ ಗುಂಡಿಯನ್ನು ಅಲ್ಲಿ ತೋಡಕೂಡದು’ ಎಂದು ವೈದ್ಯನು ಹೇಳಿದರೆ ಅದು ಸಲಹೆ. ಸರದಾರನು ಹೇಳಿದರೆ ಆಜ್ಞೆ. ಇನ್ನು ಎರಡನೆಯ ಪ್ರಶ್ನೆಗೆ ೧೮೭೯ರಲ್ಲಿ ರೋರ್ಕ್ಸ್ ಡ್ರಿಫ್ಟ್ ಎಂಬ ಠಾಣ್ಯದ ಮುತ್ತಿಗೆಯಲ್ಲಿ ಗುಂಡುಗಳ ನಡುವೆ ಗಾಯಾಳುಗಳ ಸೇವೆಮಾಡಿ ವಿಕ್ಟೋರಿಯಾ ಕ್ರಾಸನ್ನು ಪಡೆದ ಸರ್ಜನ್-ಮೇಜರ್ ರೆನಾಲ್ಡ್ಸನೇ ತಕ್ಕ ಉತ್ತರವಾಗಿದ್ದನು.

ಕಡೆಗೆ ೧೮೯೮ನೆಯ ಜೂನ್ ೨೩ರಂದು, ಲಾರ್ಡ್ ಲ್ಯಾನ್ಸ್‌ಡೌನನು ಯುದ್ಧಮಂತ್ರಿಯಾಗಿದ್ದಾಗ, ವೈದ್ಯರನ್ನೂ ಅವರ ಕೈಕೆಳಗಿನ ಸಿಪಾಯಿಗಳನ್ನೂ ಒಂದುಗೂಡಿಸಿ ‘ರಾಯಲ್ ಆರ್ಮಿ ಮೆಡಿಕಲ್ ಕೋರ್’ ಎಂಬ ಪಡೆಯನ್ನು ನಿರ್ಮಿಸಿದರು. ವೈದ್ಯರಿಗೆ ಮಿಕ್ಕ ಸರದಾರರಂತೆಯೇ ಪೂರ್ಣವಾದ ಪದವಿಯೂ, ತಮ್ಮ ಪಡೆಯೊಳಗೆ ಆಜ್ಞಾಧಿಕಾರವೂ ದೊರೆತುವು. ಮರುವರ್ಷವೇ ದಕ್ಷಿಣ ಆಫ್ರಿಕದ ಯುದ್ಧವು ಒದಗಿತು. ಹೆಸರು ಬಂದಿತ್ತು, ಬಲವಿನ್ನೂ ಬಂದಿರಲಿಲ್ಲ. ೧೯೦೦ನೆಯ ಫೆಬ್ರುವರಿಯಲ್ಲಿ ಪಾರ್ಡೆಬರ್ಗಿನ ಬಳಿ ಹೆಣಗಳು ತೇಲುತ್ತಿದ್ದ ಮಾಡರ್ ನದಿಯ ನೀರನ್ನು ಕುಡಿದ ಸೇನೆಯು ಬ್ಲೂಮ್‌ಫಾಂಟೇನನ್ನು ಸೇರಿದೊಡನೆ ವಿಷಮಶೀತಜ್ವರದಿಂದ ಸಾಲುಸಾಲಾಗಿ ಮಲಗಿತು. ನೆಟ್ಲಿಯಲ್ಲಿ ಆಲ್ಮ್ರಾತ್ ರೈಟನು ಈ ಜ್ವರಕ್ಕೆ ಚುಚ್ಚುಮದ್ದನ್ನು ಸಿದ್ಧಪಡಿಸಿದ್ದರೂ, ಇಷ್ಟವಿದ್ದವರು ಹಾಕಿಸಿಕೊಳ್ಳಬಹುದೆಂಬ ನಿಯಮವಿದ್ದುದರಿಂದ ಬಹು ಸ್ವಲ್ಪ ಜನರೇ ಹಾಕಿಸಿಕೊಂಡಿದ್ದರು. ಆ ಯುದ್ಧದಲ್ಲಿ ಸತ್ತ ಸುಮಾರು ೨೨,೦೦೦ ಸಿಪಾಯಿಗಳಲ್ಲಿ ೧೩,೦೦೦ಕ್ಕೂ ಮಿಕ್ಕವರು ರೋಗದಿಂದ ಸತ್ತವರು. ಈ ಪೆಟ್ಟಿನಿಂದ ಸರ್ಕಾರವು ಪೂರ್ಣವಾಗಿ ಎಚ್ಚತ್ತಿತು. ೧೯೦೨ರಲ್ಲಿ ವೈದ್ಯರ ಸಂಬಳವೂ ವ್ಯಾಸಂಗದ ಸೌಕರ್ಯವೂ ಹೆಚ್ಚಿದುವು. ಅದೇ ವರ್ಷ ರಾಣಿ ಅಲೆಗ್ಸಾಂಡ್ರಳ ಹೆಸರಿನಲ್ಲಿ ದಾದಿಯರ ಪಡೆಯೂ ಸ್ಥಾಪಿತವಾಯಿತು. ಆಲ್ಫ್ರೆಡ್ ಕಿಯೋನು ಮುಖ್ಯಾಧಿಕಾರಿಯಾಗಿದ್ದಾಗ ಪಾಳೆಯದ ನೈರ್ಮಲ್ಯವು ಸರದಾರರೆಲ್ಲರೂ ಕಲಿಯಬೇಕಾದ ವಿದ್ಯೆಯಾಯಿತು. ೧೯೧೪ರ ಮಹಾಯುದ್ಧದಲ್ಲಿ ಫ್ರಾನ್ಸಿನ ರಣರಂಗದಲ್ಲಿದ್ದ ಬ್ರಿಟಿಷ್ ಸೇನೆಯಲ್ಲಿ ರೋಗದಿಂದ ಸತ್ತವರಿಗಿಂತ ಶತ್ರುವಿನಿಂದ ಸತ್ತವರೇ ಬಹುಪಾಲು ಹೆಚ್ಚಾಗಿದ್ದರು. ಕ್ರಿಮಿಯಾದ ಲೆಕ್ಕವು ಹೀಗೆ ತಲೆಕೆಳಗಾಗುವುದಕ್ಕೆ ಹೊಸ ವಿಜ್ಞಾನವು ಒಂದು ಕಾರಣ. ಆ ವಿಜ್ಞಾನವನ್ನು ಬಲ್ಲವನ ಮಾತು ನಡೆಯುವಂತಾದುದು ಮತ್ತೊಂದು ಕಾರಣ.

ಇನ್ನು ನಮ್ಮ ದೇಶದ ಕಡೆಗೆ ತಿರುಗೋಣ. ೧೮೮೧ರಲ್ಲಿ ಇಂಡಿಯನ್ ಮೆಡಿಕಲ್ ಸರ್ವೀಸಿಗೆ ಸೇರಿದ ರೊನಾಲ್ಡ್ ರಾಸನು ೧೮೮೩ರಲ್ಲಿ ಬೆಂಗಳೂರಿನ ದಂಡಿಗೆ ಬಂದನು. ತನ್ನ ಬಂಗಲೆಯಲ್ಲಿ ಸೊಳ್ಳೆಗಳ ಕಾಟವು ಅತಿಯಾಗಿದ್ದುದನ್ನು ಕಂಡು ಹುಡುಕಲು, ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಅವುಗಳ ಮರಿಗಳು ಹರಿದಾಡುತ್ತಿದ್ದುವು. ತೊಟ್ಟಿಯನ್ನು ಮಗುಚಿಸಿದನು, ಸೊಳ್ಳೆಗಳು ಕಡಮೆಯಾದುವು. ಸರದಾರರ ಭೋಜನಶಾಲೆಯಲ್ಲಿಯೂ ಹಾಗೆಯೇ ಮಾಡಿಸಬಹುದೆಂದು ಅವನು ಅಜುಟೆಂಟನಿಗೆ ತಿಳಿಸಿದಾಗ, ಸೊಳ್ಳೆಗಳನ್ನು ಯಾವುದೋ ಉದ್ದೇಶದಿಂದ ಸೃಷ್ಟಿಸಿರುವುದರಿಂದ ಅವುಗಳನ್ನು ಸಹಿಸಿಕೊಳ್ಳುವುದೇ ಧರ್ಮವೆಂದು ಆತನು ಹಾಸ್ಯಮಾಡಿ ನಿರಾಕರಿಸಿದನಂತೆ. ಈ ಪ್ರಸಂಗವನ್ನು ರಾಸನೇ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ನಾಲ್ಕು ತೊಟ್ಟಿಗಳನ್ನು ಮಗುಚಿಸುವ ಅಧಿಕಾರವೂ ವೈದ್ಯನಿಗಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಹದಿನಾಲ್ಕು ವರ್ಷಗಳ ತರುವಾಯ, ೧೮೯೭ನೆಯ ಆಗಸ್ಟ್ ೨೦ರಂದು, ಅದೇ ರಾಸನು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಚಳಿಜ್ವರದ ಜೀವಾಣುವನ್ನು ಕಂಡನು. ಕೆಲವೇ ವಾರಗಳಲ್ಲಿ ಸರ್ಕಾರವು ಅವನನ್ನು ರಜಪುತಾನದ ಖೇರವಾಡಾ ಎಂಬ ಮೂಲೆಗೆ ವರ್ಗಮಾಡಲು, ಸಂಶೋಧನೆಯು ನಿಂತುಹೋಯಿತು. ಮರುವರ್ಷ ಕಲ್ಕತ್ತೆಗೆ ವಿಶೇಷ ಕಾರ್ಯದ ಮೇಲೆ ಹೋಗುವವರೆಗೆ ಅವನು ಪಟ್ಟ ಸಂಕಟವು ಅಷ್ಟಿಷ್ಟಲ್ಲ. ೧೮೯೯ರಲ್ಲಿ ಅವನು ನೌಕರಿಯಿಂದ ನಿವೃತ್ತನಾದನು. ೧೯೦೨ರಲ್ಲಿ ನೊಬೆಲ್ ಬಹುಮಾನವು ಅವನಿಗೆ ಬಂದಿತು. ಕೀರ್ತಿಯು ಬಂದ ಮೇಲೂ ಆ ಸರ್ವೀಸಿನ ವಿಷಯವಾದ ಕಹಿಯು ಅವನ ಮನಸ್ಸಿನಿಂದ ಹೋಗಲಿಲ್ಲ.

ಬಿಳಿಯ ವೈದ್ಯನ ಪಾಡೇ ಇದಾದರೆ ನಮ್ಮವರ ಪಾಡನ್ನು ಊಹಿಸಬಹುದು. ೧೮೫೫ರಲ್ಲಿ ಸ್ಪರ್ಧೆಯ ಪರೀಕ್ಷೆಯು ಏರ್ಪಟ್ಟಾಗ ಬಂಗಾಳದ ಸೂರ್ಯಕುಮಾರ ಚಕ್ರವರ್ತಿಯು ಅದರಲ್ಲಿ ತೇರ್ಗಡೆಯಾಗಿ ಮೇಲಿನ ಸರ್ವೀಸನ್ನು ಸೇರಿದ ಮೊದಲ ಭಾರತೀಯನೆನಿಸಿದನು. ಆದರೆ ಪರೀಕ್ಷೆಯು ನಡೆಯುತ್ತಿದ್ದುದು ಲಂಡನ್ನಿನಲ್ಲಿ; ಸಮುದ್ರ ದಾಟುವ ವೆಚ್ಚವನ್ನು ಭರಿಸಬಲ್ಲವರೆಷ್ಟು ಮಂದಿ? ಉಳಿದವರಿಗೆ ಇದ್ದುದು ಕೆಳಗಿನ ಮೆಟ್ಟಿಲು. ಹಾಸ್ಪಿಟಲ್ ಅಸಿಸ್ಟೆಂಟರೆಂದೂ, ಆಮೇಲೆ ಸಬ್ ಅಸಿಸ್ಟೆಂಟ್ ಸರ್ಜನ್ನರೆಂದೂ ಕರೆಯಲ್ಪಟ್ಟ ಇವರು ಜಮಾದಾರ, ಸುಬೇದಾರ, ಸುಬೇದಾರ್-ಮೇಜರ್ ಪದವಿಗಳಿಗಿಂತ ಮೇಲಕ್ಕೆ ಏರುವಂತಿರಲಿಲ್ಲ. ಗಡಿನಾಡಿನ ಠಾಣ್ಯಗಳಲ್ಲಿ, ಡೋಲಿ ಹೊರುವವರೊಡನೆ ನಡೆದು, ಸಿಪಾಯಿಯ ಗಾಯವನ್ನು ಮೊದಲು ಮುಟ್ಟುತ್ತಿದ್ದವರು ಇವರೇ. ಸಿಪಾಯಿಯ ಭಾಷೆಯನ್ನೂ ಆಚಾರವನ್ನೂ ಬಲ್ಲವರೂ ಇವರೇ. ಎಷ್ಟು ದುಡಿದರೂ ಎದುರಿಗೆ ಗೋಡೆಯೊಂದಿದೆಯೆಂದು ಬಲ್ಲವನ ಮನಸ್ಸಿನಲ್ಲಿ ಉತ್ಸಾಹವು ಹೇಗೆ ನಿಂತೀತು?

ಮೇಲಿನವರ ಮೌನದಿಂದ ಎಂಥ ಅನರ್ಥವಾಗುವುದೆಂಬುದಕ್ಕೆ ಮೆಸೊಪೊಟೇಮಿಯಾದ ದುರಂತವೇ ಉದಾಹರಣೆ. ೧೯೧೫ನೆಯ ನವೆಂಬರಿನಲ್ಲಿ ಟೆಸಿಫೋನಿನ ಕಾಳಗದ ತರುವಾಯ ಗಾಯಗೊಂಡ ಸಿಪಾಯಿಗಳನ್ನು, ಅವರಲ್ಲಿ ಎಷ್ಟೋ ಮಂದಿ ಭಾರತೀಯರು, ಟೈಗ್ರಿಸ್ ನದಿಯಲ್ಲಿ ಸಾಮಾನು ಸಾಗಿಸುವ ದೋಣಿಗಳಲ್ಲಿ ತುಂಬಿ ಬಸ್ರಾಕ್ಕೆ ಕಳುಹಿಸಿದರು. ಹಾಸಿಗೆಯಿಲ್ಲ, ನೆರಳಿಲ್ಲ, ಗಾಯದ ಪಟ್ಟಿಗಳನ್ನು ಬದಲಿಸುವವರಿಲ್ಲ. ಆಸ್ಪತ್ರೆಯ ಹಡಗೊಂದರ ಅಧಿಕಾರಿಯಾಗಿದ್ದ ಇಂಡಿಯನ್ ಮೆಡಿಕಲ್ ಸರ್ವೀಸಿನ ಮೇಜರ್ ಕಾರ್ಟರನು ಆ ದೋಣಿಗಳು ಬಂದು ನಿಂತಾಗ ಕಂಡ ಹೊಲಸನ್ನೂ ಕೊಳೆತ ಗಾಯಗಳನ್ನೂ ಯಥಾವತ್ತಾಗಿ ಬರೆದು ಮೇಲಿನವರಿಗೆ ಒಪ್ಪಿಸಿದನು. ಅದಕ್ಕೆ ಪ್ರತಿಫಲವಾಗಿ ದೊರೆತುದೇನು? ಬಾಯಿ ಮುಚ್ಚಿಕೊಂಡಿರದಿದ್ದರೆ ಹಡಗಿನ ಅಧಿಕಾರವನ್ನು ಕಿತ್ತುಕೊಳ್ಳುವೆವೆಂಬ ಬೆದರಿಕೆ. ಎಲ್ಲವೂ ಸರಿಯಾಗಿದೆಯೆಂದು ತಂತಿಗಳು ಹೋಗುತ್ತಿದ್ದ ಆ ಕಾಲದಲ್ಲಿ ಅವನೊಬ್ಬನು ಸುಮ್ಮನಿರಲಿಲ್ಲ. ೧೯೧೭ರಲ್ಲಿ ವಿಚಾರಣಾ ಮಂಡಲಿಯು ಇದನ್ನೆಲ್ಲ ಬಯಲಿಗೆಳೆಯಲಾಗಿ, ಭಾರತಮಂತ್ರಿಯಾಗಿದ್ದ ಆಸ್ಟಿನ್ ಚೇಂಬರ್ಲೇನನು ರಾಜೀನಾಮೆಯನ್ನು ಕೊಡಬೇಕಾಯಿತು.

ಎರಡನೆಯ ಮಹಾಯುದ್ಧದ ಒತ್ತಡದಲ್ಲಿ ಈ ಗೋಡೆಯು ಕಡೆಗೆ ಬಿರಿಯಿತು. ೧೯೪೩ನೆಯ ಏಪ್ರಿಲ್ ೩ರಂದು ಮೇಲಿನ ಸರ್ವೀಸು, ಕೆಳಗಿನ ಇಲಾಖೆ, ಆಸ್ಪತ್ರೆಯ ಊಳಿಗದವರ ಪಡೆ, ಈ ಮೂರನ್ನೂ ಕೂಡಿಸಿ ‘ಇಂಡಿಯನ್ ಆರ್ಮಿ ಮೆಡಿಕಲ್ ಕೋರ್’ ಎಂಬ ಒಂದೇ ಪಡೆಯನ್ನು ಮಾಡಿದರು. ಅದೇ ವರ್ಷದ ಆರ್ಡಿನೆನ್ಸಿನಿಂದ ಸೇನೆಯ ದಾದಿಯರಿಗೂ ಕಮಿಷನ್ನಿನ ಅಂತಸ್ತು ಬಂದಿತು. ೧೯೪೭ರಲ್ಲಿ ದೇಶವು ಸ್ವತಂತ್ರವಾದಾಗ ಹಳೆಯ ಇಂಡಿಯನ್ ಮೆಡಿಕಲ್ ಸರ್ವೀಸು ಮುಕ್ತಾಯವಾಯಿತು. ೧೯೪೮ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಸಶಸ್ತ್ರಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಇಂದಿಗೂ ನಮ್ಮ ದಂಡಿನ ವೈದ್ಯರು ಸಿದ್ಧರಾಗುತ್ತಿದ್ದಾರೆ.

ಈ ಚರಿತ್ರೆಯಿಂದ ತಿಳಿಯಬೇಕಾದುದೇನೆಂದರೆ, ಸಂಬಳವು ಸಾಲದಿದ್ದರೆ ವೈದ್ಯನು ಕೆಲಸಕ್ಕೆ ಬಾರದೆ ಹೋಗಬಹುದು. ಬಂದವನು ಮನಸ್ಸಿಟ್ಟು ದುಡಿಯಬೇಕಾದರೆ ಬೇರೆ ಮೂರು ವಸ್ತುಗಳು ಬೇಕು. ಹೊತ್ತ ಹೊಣೆಗೆ ತಕ್ಕ ಅಧಿಕಾರ, ಜೊತೆಯವರ ಗೌರವ, ಕಲಿತ ವಿದ್ಯೆಯನ್ನು ಬೆಳೆಸಿಕೊಳ್ಳುವ ಅವಕಾಶ. ಪಟಾಲಮಿನ ಹಳೆಯ ಸರ್ಜನ್ನನಿಗೆ ಗೌರವವಿತ್ತು, ಅಧಿಕಾರವಿರಲಿಲ್ಲ. ರಾಸನಿಗೆ ವಿದ್ಯೆಯಿತ್ತು, ಅವಕಾಶವು ತಡೆತಡೆದು ಬಂದಿತು. ನಮ್ಮ ಸಬ್ ಅಸಿಸ್ಟೆಂಟ್ ಸರ್ಜನ್ನನಿಗೆ ಹೊಣೆಯೊಂದೇ ಇತ್ತು. ಇವರ ಅಸಮಾಧಾನವನ್ನು ಅಹಂಕಾರವೆಂದು ಕರೆದವರು ಅನೇಕರು. ಸ್ಕುಟಾರಿಯಲ್ಲಿಯೂ ಟೈಗ್ರಿಸಿನ ದೋಣಿಗಳಲ್ಲಿಯೂ ಅದರ ಬೆಲೆಯನ್ನು ತೆತ್ತವರು ಮಾತ್ರ ಸಾಮಾನ್ಯ ಸಿಪಾಯಿಗಳು. ನಮ್ಮ ಹಳ್ಳಿಗಳಿಂದ ದಂಡಿಗೆ ಹೋಗುವ ಮಕ್ಕಳ ತಾಯಿತಂದೆಗಳು ಸೇನಾಪತಿಯ ಹೆಸರನ್ನು ವಿಚಾರಿಸುವಂತೆಯೇ, ಅಲ್ಲಿಯ ವೈದ್ಯನ ಮಾತು ನಡೆಯುವುದೇ ಎಂಬುದನ್ನೂ ವಿಚಾರಿಸುವುದು ಅನುಚಿತವಾಗಲಾರದು.